ಡಿಸ್ಚಾರ್ಜ್ ಚೀಟಿಯ ತಾರೀಕಿಗೆ ಅವರು ಯಾಕೆ ಬರುವುದಿಲ್ಲ?

ಪ್ರಶ್ನೆ: ನಾನು ಉಡುಪಿ ತಾಲೂಕಿನಲ್ಲಿ, ಮಲ್ಪೆಗೆ ಹತ್ತಿರದ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಕಳೆದ ಒಂದು ವರ್ಷದಲ್ಲಿ ನನ್ನ ವ್ಯಾಪ್ತಿಯ ನಾಲ್ವರು ತಮಗೆ ತಾವೇ ಹಾನಿ ಮಾಡಿಕೊಂಡು ಆಸ್ಪತ್ರೆ ಸೇರಿ, ಚೇತರಿಸಿಕೊಂಡು ಮನೆಗೆ ಬಂದಿದ್ದಾರೆ. ಬೋಟಿಗೆ ಹೋಗುವ 24ರ ಹುಡುಗ, ಮನೆಯಲ್ಲೇ ಬೀಡಿ ಕಟ್ಟುವ ಇಬ್ಬರು ಮಕ್ಕಳ ತಾಯಿ, ಪಿಯುಸಿ ಓದುವ 17ರ ಹುಡುಗಿ, ಮಕ್ಕಳೆಲ್ಲ ಮುಂಬೈಯಲ್ಲಿರುವ ಒಬ್ಬ ಹಿರಿಯರು. ಎಲ್ಲರ ಚೀಟಿಯಲ್ಲೂ ‘ಎರಡು ವಾರದ ನಂತರ ಮನೋವೈದ್ಯಕೀಯ ಒಪಿಡಿ’ ಎಂದು, ಅಂದರೆ ಹೊರರೋಗಿ ವಿಭಾಗಕ್ಕೆ ಬರಬೇಕೆಂದು, ಬರೆದಿತ್ತು. ಹೋದವರು ಆ ತಾಯಿ ಒಬ್ಬರೇ, ಅದೂ ಒಂದೇ ಸಲ. ಮನೆಗೆ ಹೋಗಿ ಕೇಳಿದರೆ ‘ಈಗ ಎಲ್ಲ ಸರಿ ಉಂಟು ಸಿಸ್ಟರ್, ಆ ವಿಷಯ ಮತ್ತೆ ಎತ್ತಬೇಡಿ’ ಎನ್ನುತ್ತಾರೆ. ಒತ್ತಾಯ ಮಾಡಿದರೆ ತಪ್ಪಾ, ಸುಮ್ಮನೆ ಬಿಟ್ಟರೆ ತಪ್ಪಾ?

ಉತ್ತರ: ಬಿಡಬೇಡಿ. ಒತ್ತಾಯವೂ ಬೇಡ. ಅವರು ಒಪಿಡಿಗೆ ಬರಲಿ ಎಂದು ಕಾಯದೆ ನೀವೇ ಅವರನ್ನು ಮತ್ತೆ ಮತ್ತೆ ತಲುಪುತ್ತಿರಿ. ಒಪಿಡಿ ಅದರ ಬೆನ್ನಿಗೆ ಬರುತ್ತದೆ. ನಮ್ಮಲ್ಲಿ ಈ ಕ್ರಮ ತಿರುಗುಮುರುಗಾಗಿದೆ, ಅದಕ್ಕೇ ಇಷ್ಟು ಜನ ಕೈತಪ್ಪಿ ಹೋಗುತ್ತಾರೆ.

ಇದಕ್ಕೆ ಗಟ್ಟಿ ಆಧಾರವಿದೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಒಂದು ಅಧ್ಯಯನ ನಡೆಸಿತು, ನಮ್ಮ ಪಕ್ಕದ ಚೆನ್ನೈ ಅದರ ಒಂದು ಕೇಂದ್ರ. ಆತ್ಮಹತ್ಯೆಗೆ ಯತ್ನಿಸಿ ತುರ್ತು ಚಿಕಿತ್ಸೆಗೆ ಬಂದ 1,867 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎಂದಿನ ಚಿಕಿತ್ಸೆ ಮಾತ್ರ ಸಿಕ್ಕಿತು. ಉಳಿದವರಿಗೆ ಅದರ ಜೊತೆ ಬಿಡುಗಡೆಯ ಹೊತ್ತಿಗೆ ಒಂದು ಗಂಟೆಯ ಮಾತುಕತೆ, ಆಮೇಲೆ ಒಂಬತ್ತು ಸಲ ಫೋನ್ ಅಥವಾ ಭೇಟಿ. 18 ತಿಂಗಳಾದ ಮೇಲೆ ನೋಡಿದಾಗ ಮೊದಲ ಗುಂಪಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇ. 2.2, ಎರಡನೆಯದರಲ್ಲಿ ಶೇ. 0.2. 2008ರಲ್ಲಿ ಇದು ಪ್ರಕಟವಾಯಿತು. ಆ ಒಂಬತ್ತು ಸಂಪರ್ಕಗಳಿಗೆ ಯಂತ್ರವೂ ಬೇಕಿಲ್ಲ, ದೊಡ್ಡ ಆಸ್ಪತ್ರೆಯೂ ಬೇಕಿಲ್ಲ. ತರಬೇತಿ ಇರುವ ಒಬ್ಬ ನರ್ಸ್, ಒಂದು ಫೋನ್, ತಾರೀಕು ತಪ್ಪಿಸದ ಒಂದು ಪುಸ್ತಕ, ಇಷ್ಟು ಸಾಕು. ಅಂದರೆ ನಿಮ್ಮಲ್ಲಿ ಈಗಾಗಲೇ ಇರುವುದು.

ಇನ್ನು ಅವರು ಯಾಕೆ ಬರುವುದಿಲ್ಲ ಎಂಬುದು. ‘ಸಹಕರಿಸುತ್ತಿಲ್ಲ’ ಎಂದು ಪುಸ್ತಕದಲ್ಲಿ ಬರೆದು ಮುಂದಿನ ಹೆಸರಿಗೆ ಹೋಗುವುದು ಸುಲಭ. ಆದರೆ ಆ ತಾರೀಕನ್ನು ಯಾರಿಗೆ, ಯಾವಾಗ ಹೇಳಿದರು ಎಂದು ಸ್ವಲ್ಪ ವಿಚಾರಿಸಿ ನೋಡಿ. ಹೆಚ್ಚಾಗಿ ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಅಣ್ಣನಿಗೋ ಮಾವನಿಗೋ ಹೇಳಿರುತ್ತಾರೆ. ರೋಗಿ ಆಗ ವೀಲ್‌ಚೇರಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ. ಮನೆಗೆ ಬಂದಮೇಲೆ ದೇಹದ ಗಾಯ ಮಾಯುತ್ತದೆ, ಊಟ ಸೇರುತ್ತದೆ, ಮನೆಯವರ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಮನೋವೈದ್ಯರು ಎಂದರೆ ಹುಚ್ಚಿಗೆ ಮದ್ದು ಕೊಡುವವರು ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಒಂದು ದಿನದ ಕೂಲಿ, ಎರಡು ಬಸ್ಸು, ಒಪಿಡಿ ಸಾಲಿನಲ್ಲಿ ಪರಿಚಯದವರು ಕಂಡರೆ ಏನು ಹೇಳುವುದೆಂಬ ಸಂಕಟ. ಕ್ಯಾಶುವಾಲ್ಟಿಯಲ್ಲಿ ಯಾರೋ ‘ಇಷ್ಟು ಸಣ್ಣ ವಿಷಯಕ್ಕಾ?’ ಎಂದಿದ್ದರೆ ಆ ಕಟ್ಟಡಕ್ಕೆ ಅವರು ಮತ್ತೆ ಕಾಲಿಡುವುದಿಲ್ಲ. ಆ ಒಂದು ಮಾತಿನ ಪೆಟ್ಟು ವರ್ಷಗಟ್ಟಲೆ ಉಳಿಯುತ್ತದೆ.

ಎಲ್ಲಕ್ಕಿಂತ ಆಳದಲ್ಲಿ ಪೊಲೀಸ್ ಹೆದರಿಕೆ ಕೂತಿರುತ್ತದೆ. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ, ಮಾಡಿ ಠಾಣೆಗೆ ತಿಳಿಸಿರುತ್ತಾರೆ, ಯಾರೋ ಬಂದು ಹೇಳಿಕೆ ಬರೆದುಕೊಂಡು ಹೋಗಿರುತ್ತಾರೆ. ಮತ್ತೆ ಆಸ್ಪತ್ರೆಗೆ ಹೋದರೆ ಕೇಸು ಎದ್ದು ಕೂರುತ್ತದೆ ಎಂದು ಮನೆಯವರು ಭಾವಿಸುತ್ತಾರೆ, ಬಾಯಿಬಿಟ್ಟು ಮಾತ್ರ ಹೇಳುವುದಿಲ್ಲ. ಅವರು ಕೇಳದಿದ್ದರೂ ನೀವೇ ಇದನ್ನು ಬಿಡಿಸಿ ಹೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಇಂಥ ಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ. ಬೇರೆ ರೀತಿ ರುಜುವಾತಾಗದ ಹೊರತು ಶಿಕ್ಷೆಯಿಲ್ಲ, ಬದಲಿಗೆ ಅವರಿಗೆ ಆರೈಕೆ ಕೊಡುವ ಹೊಣೆ ಸರ್ಕಾರದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಇಲ್ಲವೇ ಇಲ್ಲ. ಸರ್ಕಾರಿ ನೌಕರರ ಕೆಲಸಕ್ಕೆ ಒತ್ತಡ ಹೇರಲೆಂದೇ ಹೀಗೆ ಮಾಡುವುದು ಮಾತ್ರ ಬೇರೆ ಕಲಮಿನಡಿ ಬರುತ್ತದೆ, ನಿಮ್ಮ ನಾಲ್ವರಿಗೆ ಅದು ಸಂಬಂಧಿಸಿದ್ದಲ್ಲ. ‘ಒಪಿಡಿಗೆ ಹೋದರೆ ಪೊಲೀಸರಿಗೆ ಸುದ್ದಿ ಹೋಗುವುದಿಲ್ಲ, ಚಿಕಿತ್ಸೆಯ ವಿಷಯ ಗುಟ್ಟಾಗಿಡುವುದು ಕಾನೂನೇ’ ಎಂಬ ಎರಡು ವಾಕ್ಯ ಎಷ್ಟೋ ಮನೆಗಳಲ್ಲಿ ಬಾಗಿಲು ತೆರೆಸುತ್ತದೆ.

ಮುಂದಿನ ಸಲ ಇಂಥವರೊಬ್ಬರು ನಿಮ್ಮ ವ್ಯಾಪ್ತಿಗೆ ಬಂದಾಗ ಮೊದಲ ಫೋನು ಮನೆಗೆ ಬಂದ ಎರಡು ಮೂರು ದಿನದೊಳಗೆ ಹೋಗಬೇಕು. ಚೀಟಿಯ ತಾರೀಕು ಎರಡು ವಾರ ಆಚೆ ಇರುತ್ತದೆ, ಅಪಾಯ ಹೆಚ್ಚಿರುವುದು ಅದಕ್ಕೆ ಮುಂಚಿನ ದಿನಗಳಲ್ಲಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಸುರಕ್ಷತಾ ಯೋಜನೆ (ಕಷ್ಟದ ಹೊತ್ತಿಗೆ ಏನು ಮಾಡಬೇಕೆಂಬ ಚೀಟಿ, ವಿವರ ಮುಂದಿದೆ) ಬರೆಸಿ, 72 ಗಂಟೆಯೊಳಗೆ ಫೋನ್ ಶುರುಮಾಡಿದಾಗ ಮುಂದಿನ ಆರು ತಿಂಗಳಲ್ಲಿ ಮರುಯತ್ನದಂಥ ನಡವಳಿಕೆ ಶೇ. 45ರಷ್ಟು ಕಡಿಮೆಯಾಯಿತು. ಅವರು ಮಾನಸಿಕ ಚಿಕಿತ್ಸೆಗೆ ಒಮ್ಮೆಯಾದರೂ ಹೋಗುವ ಸಾಧ್ಯತೆಯೂ ಸುಮಾರು ಇಮ್ಮಡಿಯಾಯಿತು. ನಿಮಗೆ ಬೇಕಾದ ಫಲ ಇದೇ ತಾನೆ?

ಫೋನ್ ಮಾಡಿದಾಗ ಬೇರೆ ಯಾರಾದರೂ ಎತ್ತಿಕೊಂಡರೆ ವಿಷಯ ಹೇಳಬೇಡಿ, ‘ಉಪಕೇಂದ್ರದಿಂದ ಮಾಮೂಲು ವಿಚಾರಣೆ’ ಎಂದಷ್ಟೇ ಹೇಳಿ ಮತ್ತೆ ಮಾಡಿ. ಅವರೇ ಸಿಕ್ಕರೆ ಹೀಗೆ ಶುರುಮಾಡಬಹುದು: ‘ಆಸ್ಪತ್ರೆಯಿಂದ ಬಂದಮೇಲೆ ಹೇಗಿದ್ದೀರಿ ಅಂತ ಕೇಳ್ಲಿಕ್ಕೆ ಮಾಡಿದೆ. ಈಗ ಮಾತಾಡ್ಲಿಕ್ಕೆ ಆಗ್ತದಾ, ಹತ್ತಿರ ಯಾರಾದ್ರೂ ಇದ್ದಾರಾ?’ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿದ್ದರೆ, ನಿಮಗೆ ಬರುವುದಾದರೆ, ಅದರಲ್ಲೇ ಮಾತಾಡಿ. ‘ಎಂಚ ಉಲ್ಲರ್?’ ಎಂದು ಕೇಳಿದಾಗ ಬರುವ ಉತ್ತರವೂ ‘ಆರೋಗ್ಯ ಹೇಗಿದೆ?’ ಎಂದಾಗ ಬರುವ ಉತ್ತರವೂ ಒಂದೇ ಆಗಿರುವುದಿಲ್ಲ. ನಿದ್ದೆ, ಊಟ, ಮಾತ್ರೆ, ಆ ದಿನಕ್ಕೆ ಕಾರಣವಾದ ಸಂಕಟ ಈಗ ಎಲ್ಲಿಗೆ ಬಂದಿದೆ, ಇಷ್ಟನ್ನು ಕೇಳಿದ ಮೇಲೆ ನೇರವಾಗಿ ಕೇಳಿ: ‘ಸಾಯಬೇಕು ಅನ್ನುವ ಯೋಚನೆ ಈ ವಾರ ಬಂದಿತ್ತಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಬೇಡ, ಹಾಗೆ ಆಗುವುದಿಲ್ಲ. ‘ಹೆಚ್ಚುಕಮ್ಮಿ ಮಾಡಿಕೊಳ್ಳುವ ಯೋಚನೆ ಏನಿಲ್ಲವಲ್ಲ?’ ಎಂದು ಸುತ್ತಿಬಳಸಿ ಕೇಳಿದರೆ ಮಾತ್ರ ‘ಇಲ್ಲ’ ಎಂಬ ಉತ್ತರವನ್ನು ನೀವೇ ಅವರ ಬಾಯಿಗೆ ಇಟ್ಟ ಹಾಗೆ. ಫೋನ್ ಇಡುವ ಮೊದಲು ಮುಂದಿನ ಫೋನಿನ ದಿನ, ಹೊತ್ತು ಹೇಳಿ. ಹೇಳಿದ ಹೊತ್ತಿಗೆ ಮಾಡಿ.

ಮುಂದಿನ ಲೆಕ್ಕಕ್ಕೆ ಐದು ದೇಶಗಳ ಆ ಅಧ್ಯಯನದ ಕ್ರಮವನ್ನೇ ಇಟ್ಟುಕೊಳ್ಳಿ: 1, 2, 4, 7, 11ನೇ ವಾರ, ಆಮೇಲೆ 4, 6, 12, 18ನೇ ತಿಂಗಳು. ಡಿಸ್ಚಾರ್ಜ್ ತಿಳಿದ ದಿನವೇ ಒಂಬತ್ತೂ ತಾರೀಕುಗಳನ್ನು ಪುಸ್ತಕದಲ್ಲಿ ಬರೆದುಬಿಡಿ. ಪಕ್ಕದಲ್ಲಿ ಎರಡು ಫೋನ್ ನಂಬರ್, ಯಾವ ಹೊತ್ತಿಗೆ ಮಾಡಬಹುದು, ಮನೆಯಲ್ಲಿ ಯಾರಿಗೆ ವಿಷಯ ಗೊತ್ತು, ಯಾರಿಗೆ ಗೊತ್ತಾಗಬಾರದು ಎಂಬುದಿರಲಿ. ಎರಡು ದಿನದಲ್ಲಿ ಬೇರೆ ಬೇರೆ ಹೊತ್ತಿಗೆ ಮೂರು ಸಲ ಮಾಡಿಯೂ ಸಿಗದಿದ್ದರೆ ಮನೆಗೆ ಹೋಗಿ. ಆಶಾ ಕಾರ್ಯಕರ್ತೆಯನ್ನು ಕಳಿಸುವ ಮುನ್ನ ರೋಗಿಯ ಒಪ್ಪಿಗೆ ಕೇಳಿರಬೇಕು, ಏಕೆಂದರೆ ಅವರು ಅದೇ ಊರಿನವರು, ಕೆಲವರಿಗೆ ಅದೇ ಧೈರ್ಯ, ಕೆಲವರಿಗೆ ಅದೇ ಮುಜುಗರ. ಮನೆಭೇಟಿಯಲ್ಲಿ ಎಲ್ಲರ ಬಿಪಿ ನೋಡಿ, ಆಮೇಲೆ ಇವರೊಬ್ಬರ ಜೊತೆ ಅಂಗಳದಲ್ಲೋ ತೋಟದ ಬದಿಗೋ ಹತ್ತು ನಿಮಿಷ ಮಾತಾಡಿ. ಅತ್ತೆಯ ಎದುರು, ಗಂಡನ ಎದುರು, ಅಪ್ಪನ ಎದುರು ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಕಷ್ಟ.

ಒಪಿಡಿಗೆ ಬರುವುದೇ ಇಲ್ಲ ಎಂದವರಿಗೂ ಈ ಸಂಪರ್ಕ ನಿಲ್ಲಬಾರದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೆರೋಮ್ ಮೊಟ್ಟೊ ಎಂಬ ಮನೋವೈದ್ಯರು ಚಿಕಿತ್ಸೆ ಮುಂದುವರಿಸಲು ಒಪ್ಪದ ರೋಗಿಗಳಿಗೇ ಐದು ವರ್ಷ ಸಣ್ಣ ಪತ್ರಗಳನ್ನು ಕಳಿಸಿದರು. ಅದರಲ್ಲಿ ಬೇಡಿಕೆಯಿಲ್ಲ, ಉಪದೇಶವಿಲ್ಲ, ಚೆನ್ನಾಗಿದ್ದೀರೆಂದು ಭಾವಿಸುತ್ತೇವೆ, ಬರೆಯಬೇಕು ಅನಿಸಿದರೆ ಬರೆಯಿರಿ ಎಂಬಷ್ಟು ಮಾತ್ರ. ಮೊದಲ ಎರಡು ವರ್ಷ, ಪತ್ರ ಬಂದವರಲ್ಲಿ ಆತ್ಮಹತ್ಯೆ ಕಡಿಮೆಯಿತ್ತು. ಈಗ ಅದಕ್ಕೆ ವಾಟ್ಸಾಪ್ ಸಾಕು, ಆದರೆ ಆ ಫೋನನ್ನು ಮನೆಯಲ್ಲಿ ಬೇರೆ ಯಾರೂ ನೋಡುವುದಿಲ್ಲ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಿ. ‘ಮಾತ್ರೆ ತಗೊಂಡ್ರಾ?’ ಎಂದು ಅದರಲ್ಲಿ ಸೇರಿಸಬೇಡಿ. ಸೇರಿಸಿದ ಕೂಡಲೇ ಅದು ವಿಚಾರಣೆಯಾಗುತ್ತದೆ.

ಈಗ ಸುರಕ್ಷತಾ ಯೋಜನೆ. ಆಸ್ಪತ್ರೆಯಲ್ಲಿ ಮಾಡಿಸದೆ ಕಳಿಸಿದ್ದರೆ ನೀವೇ ಕೂತು ಬರೆಯಿರಿ, ಮುಕ್ಕಾಲು ಗಂಟೆ ಬೇಕು. ಅಂಗೈಯಗಲದ ಒಂದು ಚೀಟಿ, ಬರಹ ಅವರದೇ ಮಾತಿನಲ್ಲಿ, ಸಾಧ್ಯವಾದರೆ ಅವರದೇ ಕೈಯಿಂದ. ಮೊದಲು, ಕಷ್ಟದ ಹೊತ್ತು ಬರುತ್ತಿದೆ ಎಂದು ಅವರಿಗೆ ಹೇಗೆ ಗೊತ್ತಾಗುತ್ತದೆ ಎಂಬುದು. ‘ಬೇಸರವಾದಾಗ’ ಎಂದು ಬರೆದರೆ ಉಪಯೋಗವಿಲ್ಲ. ‘ರಾತ್ರಿ ಎರಡಕ್ಕೆ ಎಚ್ಚರವಾಗಿ ಸಾಲದ ಲೆಕ್ಕ ಹಾಕಲು ಶುರುವಾದಾಗ’ ಎಂದಿರಬೇಕು. ಎರಡನೆಯದು ಒಬ್ಬರೇ ಮಾಡಬಹುದಾದ್ದು: ತಣ್ಣೀರಲ್ಲಿ ಮುಖ ತೊಳೆಯುವುದು, ಕಡಲ ಬದಿಗೆ ನಡೆದು ಹೋಗುವುದು, ಯಕ್ಷಗಾನದ ಪದ ಕೇಳುವುದು. ಮೂರನೆಯದು ಜನರಿರುವ ಜಾಗ, ವಿಷಯ ಎತ್ತದೆ ಸುಮ್ಮನೆ ಕೂರಬಹುದಾದದ್ದು, ಭಜನಾ ಮಂದಿರವೋ ವಾಲಿಬಾಲ್ ಮೈದಾನವೋ ಚಿಕ್ಕಮ್ಮನ ಅಡಿಗೆಮನೆಯೋ. ನಾಲ್ಕನೆಯದು ವಿಷಯ ಹೇಳಿಕೊಳ್ಳಬಹುದಾದ ಇಬ್ಬರ ಹೆಸರು, ನಂಬರ್. ಆ ಇಬ್ಬರಿಗೂ ತಮ್ಮ ಹೆಸರು ಇಲ್ಲಿದೆ ಎಂದು ತಿಳಿದಿರಬೇಕು. ಐದನೆಯದು ನಿಮ್ಮ ನಂಬರ್, ಜಿಲ್ಲಾ ಆಸ್ಪತ್ರೆಯ ನಂಬರ್, ಹಗಲು ರಾತ್ರಿ ಕನ್ನಡದಲ್ಲಿ ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ನೀವು ಕೂತಿರುವಾಗಲೇ ಅವರ ಫೋನಿನಿಂದ ಒಮ್ಮೆ 14416ಕ್ಕೆ ಮಾಡಿಸಿ, ಆಚೆಯ ದನಿ ಒಮ್ಮೆ ಕೇಳಿದವರು ಕಷ್ಟದ ರಾತ್ರಿಯಲ್ಲಿ ಅದೇ ನಂಬರ್ ಒತ್ತಲು ಅಷ್ಟು ಅಂಜುವುದಿಲ್ಲ.

ಆರನೆಯದು ಮನೆಯನ್ನು ಸುರಕ್ಷಿತ ಮಾಡುವುದು. ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ‘ಮನಸ್ಸು ಮಾಡಿದವರು ಇನ್ನೊಂದು ದಾರಿ ಹುಡುಕುತ್ತಾರೆ’ ಎಂಬ ಮಾತು ನಮ್ಮ ಸಿಬ್ಬಂದಿಯ ಬಾಯಲ್ಲೂ ಇದೆ, ಅದು ತಪ್ಪು. ಆ ತೀವ್ರ ಒತ್ತಡ ಎಷ್ಟೋ ಜನರಲ್ಲಿ ಕೆಲವು ನಿಮಿಷ, ಹೆಚ್ಚೆಂದರೆ ಕೆಲವು ಗಂಟೆ ಇರುತ್ತದೆ. ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಅದು ದಾಟಿ ಹೋಗುತ್ತದೆ. ಶ್ರೀಲಂಕಾದಲ್ಲಿ ಹೆಚ್ಚು ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರ ನಂತರದ ಎರಡು ದಶಕಗಳಲ್ಲಿ ಇಡೀ ದೇಶದ ಆತ್ಮಹತ್ಯೆ ಪ್ರಮಾಣ ಸುಮಾರು ಶೇ. 70 ಇಳಿಯಿತು. ಹಾಗಾಗಿ ತೋಟದ ಮದ್ದು ಮನೆಯಲ್ಲಿ ಇರದಿರಲಿ, ಬೇಕಾದ ದಿನ ಬೇಕಾದಷ್ಟೇ ತರಲಿ. ಉಳಿದದ್ದು ಬೇರೆಯವರ ಬೀಗದಡಿ ಇರಲಿ. ಮನೆಯ ಎಲ್ಲರ ಮಾತ್ರೆಗಳೂ ಒಂದೇ ಕಪಾಟಿನಲ್ಲಿ, ಕೀಲಿ ಒಬ್ಬರ ಕೈಯಲ್ಲಿ. ರೋಗಿಯ ಮಾತ್ರೆ ಒಂದೊಂದು ವಾರದ್ದೇ ಕೊಡುವಂತೆ ವೈದ್ಯರಿಗೆ ಹೇಳಿ. ಇದನ್ನೆಲ್ಲ ಅವರ ಬೆನ್ನ ಹಿಂದೆ ಮಾಡಬೇಡಿ, ‘ಸ್ವಲ್ಪ ದಿನ ಇದನ್ನು ಯಾರ ಕೈಯಲ್ಲಿಟ್ಟರೆ ನಿಮಗೆ ನೆಮ್ಮದಿ?’ ಎಂದು ಅವರನ್ನೇ ಕೇಳಿ.

ಆಣೆ ಹಾಕಿಸುವುದು ನಮ್ಮ ಕಡೆಯ ದೊಡ್ಡ ಅಭ್ಯಾಸ. ಮಂಜುನಾಥನ ಮೇಲೆ, ಮನೆದೈವದ ಮೇಲೆ, ಅಮ್ಮನ ತಲೆ ಮುಟ್ಟಿ ‘ಇನ್ನು ಹೀಗೆ ಮಾಡುವುದಿಲ್ಲ’ ಎನ್ನಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಮತ್ತೆ ಆ ಯೋಚನೆ ಬಂದ ದಿನ ಅವರು ಯಾರಿಗೂ ಹೇಳಲಾರರು, ಹೇಳಿದರೆ ಆಣೆ ಮುರಿದ ಹಾಗೆ. ಆಸ್ಪತ್ರೆಯಲ್ಲಿ ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುವುದೂ ಇದೇ ಜಾತಿಯದ್ದು, ಅದರಿಂದ ಜೀವ ಉಳಿದದ್ದಕ್ಕೆ ಆಧಾರವಿಲ್ಲ. ‘ಯೋಚನೆ ಬಂದರೆ ನಮಗೆ ಹೇಳು, ಯಾರೂ ಬೈಯುವುದಿಲ್ಲ’ ಎಂದು ಮನೆಯವರೇ ಮಾತು ಕೊಡುವುದು ಲೇಸು. ದೈವದ ದರ್ಶನಕ್ಕೋ ಪ್ರಶ್ನೆ ಇಡಿಸಲಿಕ್ಕೋ ಹೋಗುವುದಾದರೆ ತಡೆಯಬೇಡಿ. ಅಲ್ಲಿಗೂ ಹೋಗಲಿ, ಒಪಿಡಿಗೂ ಬರಲಿ. ಒಂದನ್ನು ಬಿಡಿಸಲು ಹೊರಟರೆ ನೀವು ಎರಡನ್ನೂ ಕಳೆದುಕೊಳ್ಳುತ್ತೀರಿ.

ನಿಮ್ಮ ನಾಲ್ವರ ವಿಷಯ. ಬೋಟಿನ ಹುಡುಗನಿಗೆ ‘ಎರಡು ವಾರದ ನಂತರ’ ಎಂಬುದಕ್ಕೆ ಅರ್ಥವೇ ಇಲ್ಲ. ಆಳಸಮುದ್ರಕ್ಕೆ ಹೋದ ಬೋಟು ಹತ್ತು ದಿನ ಬರುವುದಿಲ್ಲ, ಅಲ್ಲಿ ಫೋನೂ ಸಿಗುವುದಿಲ್ಲ. ಅವನ ತಾರೀಕನ್ನು ಬೋಟು ದಕ್ಕೆಗೆ ಬಂದ ಮರುದಿನಕ್ಕೆ ಕಟ್ಟಿ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ರಜೆಯಲ್ಲಿ ಅವನು ಊರಲ್ಲೇ ಇರುತ್ತಾನೆ, ಆದರೆ ಆಗಲೇ ಕೈಯಲ್ಲಿ ದುಡ್ಡಿಲ್ಲ, ಕುಡಿತ ಹೆಚ್ಚು. ಆ ಎರಡು ತಿಂಗಳು ಸಂಪರ್ಕ ಬಿಗಿಯಾಗಿರಲಿ. ಕುಡಿತ ಬಿಟ್ಟು ಬಾ ಎಂದು ಷರತ್ತು ಹಾಕಬೇಡಿ, ಎರಡಕ್ಕೂ ಚಿಕಿತ್ಸೆ ಒಟ್ಟಿಗೇ ನಡೆಯಬೇಕು. ದಿನಾ ಹೆಚ್ಚು ಕುಡಿಯುವವನಾದರೆ ಒಮ್ಮೆಲೇ ಬಿಡಿಸುವುದು ಅಪಾಯ, ವೈದ್ಯರ ನಿಗಾ ಬೇಕು.

ಆ ತಾಯಿ ಒಮ್ಮೆ ಹೋಗಿ ಯಾಕೆ ನಿಲ್ಲಿಸಿದರು ಎಂದು ಅವರನ್ನೇ, ಒಬ್ಬರೇ ಇರುವಾಗ ಕೇಳಿ. ಮಾತ್ರೆಯಿಂದ ಮಂಪರು ಬಂದು ಬೀಡಿ ಲೆಕ್ಕ ತಪ್ಪಿತೇ? ಖಿನ್ನತೆಯ ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ವಾಕರಿಕೆ, ಮಂಪರಿನಂಥ ತೊಂದರೆ ಮಾತ್ರ ಮೊದಲ ವಾರವೇ ಬರುತ್ತದೆ. ಇದನ್ನು ಯಾರೂ ಹೇಳಿರದಿದ್ದರೆ ನಿಲ್ಲಿಸುವುದು ಸಹಜ. ಮನೆಯಲ್ಲಿ ಹೊಡೆತ ಇದೆಯೇ ಎಂದೂ ಕೇಳಿ. ಇದ್ದರೆ ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ, 181 ಮಹಿಳಾ ಸಹಾಯವಾಣಿ ಇವೆ. ಯಾವಾಗ, ಹೇಗೆ ಎಂಬ ತೀರ್ಮಾನ ಅವರದ್ದೇ ಆಗಿರಲಿ.

ಹುಡುಗಿಯ ವಿಷಯದಲ್ಲಿ, ಅವಳು ಕೈ ಕುಯ್ದುಕೊಳ್ಳುವವಳಾದರೆ ಅದನ್ನು ‘ನಾಟಕ’ ಎನ್ನುವವರನ್ನು ನೀವೇ ತಡೆಯಿರಿ. ಸಾಯುವ ಉದ್ದೇಶವಿಲ್ಲದೆ, ತಡೆಯಲಾಗದ ನೋವನ್ನು ಹೇಗೋ ಹೊರಹಾಕಲು ಮಕ್ಕಳು ಹೀಗೆ ಮಾಡುತ್ತಾರೆ. ಅಂಥವರಿಗೂ ಮುಂದೆ ಅಪಾಯ ಹೆಚ್ಚು. ದಿನಾ ತೋಳು ಪರೀಕ್ಷಿಸುವುದು, ಶಿಕ್ಷೆಯೆಂದು ಫೋನ್ ಕಿತ್ತುಕೊಳ್ಳುವುದು ಅವಳ ಬಾಯಿ ಮುಚ್ಚಿಸುತ್ತದೆ. ಗುಟ್ಟು ಕಾಯುವ ಮಿತಿಯನ್ನು ಶುರುವಿನಲ್ಲೇ ಹೇಳಿ: ಜೀವಕ್ಕೆ ಅಪಾಯ ಕಂಡರೆ ಅಪ್ಪ ಅಮ್ಮನಿಗೆ ಹೇಳಲೇಬೇಕು. ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ. ಪರೀಕ್ಷೆಯ ಫಲಿತಾಂಶದ ವಾರ ಲೆಕ್ಕಕ್ಕೆ ಸೇರದ ಒಂದು ಹೆಚ್ಚುವರಿ ಫೋನ್ ಮಾಡಿ.

ಆ ಹಿರಿಯರ ಬಗ್ಗೆ ನಿಮಗೆ ಹೆಚ್ಚು ಕಾಳಜಿ ಇರಲಿ. ವಯಸ್ಸಾದವರು ಇಂಥದ್ದಕ್ಕೆ ಕೈಹಾಕಿದಾಗ ಸಾಯುವ ಉದ್ದೇಶ ಗಟ್ಟಿಯಾಗಿರುವುದು ಹೆಚ್ಚು, ಬಾಯಿಬಿಟ್ಟು ಹೇಳುವುದು ಕಡಿಮೆ. ಮಂಡಿನೋವು, ನಿದ್ದೆ ಇಲ್ಲದಿರುವುದು, ಕಿವಿ ಕೇಳದಿರುವುದು ಎಂಬ ‘ಸಣ್ಣ’ ದೂರುಗಳನ್ನು ನಿಜವಾಗಿ ಪರಿಹರಿಸಿ. ವಾರಕ್ಕೊಮ್ಮೆ ಬಿಪಿ ನೋಡುವ ನೆಪ ಇರಲಿ, ಅವರ ಒಪ್ಪಿಗೆ ಪಡೆದು ಮುಂಬೈಯ ಮಕ್ಕಳಲ್ಲಿ ಒಬ್ಬರೊಂದಿಗೆ ಮಾತಾಡಿ, ದಿನಕ್ಕೊಂದು ಫೋನಿನ ಹೊತ್ತು ಗೊತ್ತುಮಾಡಿಸಿ.

ಒಪಿಡಿಗೆ ಕಳಿಸುವಾಗ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ, ಯಾರನ್ನು ಕಾಣಬೇಕು ಎಂದು ಹೆಸರು ಬರೆದು ಕೊಡಿ. ಮೊದಲ ಭೇಟಿಗೆ ಜೊತೆಗೆ ಯಾರಾದರೂ ಹೋಗಲಿ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಮನೋವೈದ್ಯಕೀಯ ಕ್ಲಿನಿಕ್ ವ್ಯವಸ್ಥೆ ಇದೆ. ಯಾವ ವಾರ ಎಲ್ಲಿ ಎಂಬುದನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಿಂದ ಕೇಳಿ ತಿಳಿದುಕೊಂಡಿರಿ.

ಯಾವುದೇ ಫೋನಿನಲ್ಲಿ ‘ಹೌದು, ಯೋಚನೆ ಬಂದಿದೆ, ಹೇಗೆ ಎಂದೂ ಗೊತ್ತುಮಾಡಿಕೊಂಡಿದ್ದೇನೆ’ ಎಂಬ ಉತ್ತರ ಬಂದರೆ ಫೋನ್ ಇಡಬೇಡಿ. ಇನ್ನೊಂದು ಫೋನಿನಿಂದ ಮನೆಯವರನ್ನೋ ಆಶಾರನ್ನೋ ಅವರ ಬಳಿಗೆ ಕಳಿಸಿ, ಒಂದು ಕ್ಷಣವೂ ಒಬ್ಬರೇ ಇರದ ಹಾಗೆ ನೋಡಿಕೊಳ್ಳಿ. ಹತ್ತಿರದ ತುರ್ತು ಚಿಕಿತ್ಸಾ ಘಟಕಕ್ಕೆ 108ರಲ್ಲಿ ಕಳಿಸಿ, ಅಲ್ಲಿನ ವೈದ್ಯರಿಗೆ ಮೊದಲೇ ತಿಳಿಸಿ. ಈ ದಿನ ಗುಟ್ಟಿನ ನಿಯಮಕ್ಕಿಂತ ಜೀವ ಮೊದಲು.

ತಿಂಗಳುಗಳು ಕಳೆದಿವೆ, ಈಗ ಹೋದರೆ ಏನೆಂದುಕೊಂಡಾರು ಎಂದು ನಿಮಗೆ ಅನಿಸುತ್ತಿರಬಹುದು. ಈ ವಾರವೇ ಹೋಗಿ, ಮೊದಲು ಆ ಹಿರಿಯರ ಮನೆಗೆ. ‘ಯಾಕೆ ಬರಲಿಲ್ಲ?’ ಎಂದು ಕೇಳಬೇಡಿ. ‘ಮೊದಲೇ ಬರಬೇಕಿತ್ತು, ತಡವಾಯಿತು. ಹೇಗಿದ್ದೀರಿ?’ ಎಂದು ಕೇಳಿ, ಬಿಪಿ ಪಟ್ಟಿ ಕಟ್ಟಿ, ಚಹಾ ಕೊಟ್ಟರೆ ಕುಡಿದು ಬನ್ನಿ. ಒಪಿಡಿಯ ಮಾತು ಎರಡನೇ ಭೇಟಿಗಿರಲಿ. ಆದರೆ ಸಾಯುವ ಯೋಚನೆಯ ಬಗೆಗಿನ ಆ ನೇರ ಪ್ರಶ್ನೆಯನ್ನು ಮಾತ್ರ ಮೊದಲ ದಿನವೇ ಕೇಳಿ. ಹೊರಡುವಾಗ ಮುಂದಿನ ತಾರೀಕು ಅವರ ಗೋಡೆಯ ಕ್ಯಾಲೆಂಡರಿನಲ್ಲಿ ನೀವೇ ಗುರುತು ಹಾಕಿ.